ಚಂದ್ರನ ಮೇಲೆ ಹೂಡಿದ ಒಲೆ

ಕಸ್ತೂರಿ ಚಂದ್ರನನ್ನು ಮೊದಲ ಸಲ ಮುಟ್ಟಿದಾಗ ಅವಳ ಬಾಯಿಂದ ಬಂದ ಮಾತು: "ಅಯ್ಯ, ಇದೇನ್ರೀ, ಕಡ್ಲಿ ಹಿಟ್ಟಿನ್ಯಾಗ ಕೈ ಹಾಕಿದಂಗ ಆತು!"

ಕೋಣೆಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ತರಬೇತಿ ಕೊಡುತ್ತಿದ್ದ ನಾಗಭೂಷಣರಂತೂ ಕುರ್ಚಿ ಬಿಟ್ಟು ಎದ್ದೇ ನಿಂತರು. "ಸೂಪರ್ ಕಣಮ್ಮ! ಮೊದಲನೇ ಸಲಕ್ಕೇ ಹೀಗಾ!" ಎಂದರು. ಕಸ್ತೂರಿಗೆ ಅದು ಅರ್ಧ ಕೇಳಿಸಿತು, ಅರ್ಧ ಕೇಳಿಸಲಿಲ್ಲ. ಅವಳ ಹತ್ತೂ ಬೆರಳು ಮಣೆಯ ಮೇಲಿದ್ದವು. ಹುಟ್ಟಿನಿಂದ ಕಣ್ಣು ಕಾಣದ, ಈಗಷ್ಟೇ ಹುಬ್ಬಳ್ಳಿಯ ಅಂಧರ ಶಾಲೆ ಬಿಟ್ಟು ಹೊರಬಿದ್ದ, ಗದಗ-ಬೆಟಗೇರಿಯ ಹುಡುಗಿ ಅವಳು. ಚಂದ್ರ ಹೇಗಿದ್ದಾನೆ ಎಂದು ಇಷ್ಟು ವರ್ಷ ಅವಳು ಬೇರೆಯವರನ್ನು ಕೇಳಬೇಕಿತ್ತು. ಕೇಳಿದಾಗಲೆಲ್ಲ "ಬೆಳ್ಳಗ, ದುಂಡಗ" ಎಂಬ ಉತ್ತರ ಬರುತ್ತಿತ್ತು. ಹಿಟ್ಟಿನ ಹಾಗಿದ್ದಾನೆಂದು ಒಬ್ಬರೂ ಹೇಳಿರಲಿಲ್ಲ.

ಇದು ಇನ್ನು ಕೆಲವು ವರ್ಷ ಮುಂದಿನ ಮಾತು. ಚಂದ್ರನ ದಕ್ಷಿಣ ತುದಿಯಲ್ಲಿ ಸೂರ್ಯನ ಮುಖವನ್ನೇ ಕಾಣದ ಕುಳಿಗಳಿವೆ. ಅಲ್ಲಿ ಕೋಟ್ಯಂತರ ವರ್ಷಗಳಿಂದ ಕತ್ತಲು, ಮೂಳೆ ಕೊರೆಯುವ ಚಳಿ, ಆ ಚಳಿಯಲ್ಲಿ ಕಲ್ಲುಗಳ ಅಡಿ ಅವಿತು ಕುಳಿತಿರುವ ಹಳೆಯ ಮಂಜು. ಆ ಮಂಜು ಕೈಗೆ ಸಿಕ್ಕರೆ ಚಂದ್ರನಿಗೆ ನೀರು ಎಲ್ಲಿಂದ ಬಂತು ಎಂಬುದು ತಿಳಿಯುತ್ತದೆ, ನಾಳೆ ಅಲ್ಲಿಗೆ ಹೋಗುವವರಿಗೆ ಕುಡಿಯಲು ಏನಾದರೂ ಸಿಗುತ್ತದೆ. ದೀಪ ಹಚ್ಚಿಕೊಂಡು ಹೋಗಿ ತಂದರಾಯಿತಲ್ಲ ಎಂದು ನಿಮಗೆ ಅನ್ನಿಸಬಹುದು. ಮೊದಲು ಹೋದ ಗಾಡಿ ಮಾಡಿದ್ದೂ ಅದನ್ನೇ. ದೀಪದ ಶಾಖ ತಾಗಿದ್ದೇ ತಡ, ಮಂಜು ಆವಿಯಾಗಿ ಹಾರಿಹೋಯಿತು. ಅಷ್ಟು ಖರ್ಚು ಮಾಡಿ ಬರಿಗಲ್ಲಿನ ಫೋಟೊ ತೆಗೆಸಿಕೊಂಡಂತಾಯಿತು.

ಹಾಗಾಗಿ ಎರಡನೆಯ ಗಾಡಿಗೆ ದೀಪವನ್ನೇ ಇಡಲಿಲ್ಲ. ಅದರ ಬದಲು ಮುಂಭಾಗದಲ್ಲಿ ಉದ್ದುದ್ದನೆಯ ಸಪೂರ ತಂತಿಗಳು. ಅವು ನೆಲವನ್ನು ಸವರುತ್ತ, ಕಲ್ಲನ್ನು ತಡವುತ್ತ ಕತ್ತಲಲ್ಲೇ ಮುಂದೆ ಸಾಗುತ್ತವೆ. ಸರ್ಕಾರಿ ಕಡತದಲ್ಲಿ ಆ ಗಾಡಿಗೆ ನಾಲಿಗೆ ಹೊರಳದಂಥ ಸಂಸ್ಕೃತದ ಹೆಸರೊಂದಿತ್ತು. ಕೇಂದ್ರದಲ್ಲಿ ಮಾತ್ರ ನಿರ್ದೇಶಕರಿಂದ ಹಿಡಿದು ಚಹಾ ತರುವವರ ತನಕ ಎಲ್ಲರೂ ಅದನ್ನು ಜಿರಲೆ ಎನ್ನುತ್ತಿದ್ದರು, ತಂತಿಗಳನ್ನು ಮೀಸೆ ಎನ್ನುತ್ತಿದ್ದರು. ಮೀಸೆಗೆ ತಾಗಿದ್ದೆಲ್ಲ ಮೂರು ಸೆಕೆಂಡಿನಲ್ಲಿ ಚಿತ್ರದುರ್ಗದ ಆಚೆಯ ಕುರುಚಲು ಗುಡ್ಡಗಳ ನಡುವೆ ಇದ್ದ ಈ ಕೇಂದ್ರಕ್ಕೆ ಬಂದು, ರೊಟ್ಟಿ ಬಡಿಯುವ ಹಲಗೆಯಷ್ಟಗಲದ ಒಂದು ಮಣೆಯ ಮೇಲೆ ಮೂಡುತ್ತಿತ್ತು. ಮಣೆಯ ತುಂಬ ಸೂಜಿಯ ತಲೆಯಂಥ ಸಾವಿರಾರು ಗುಂಡಿಗಳು. ಕಲ್ಲಿದ್ದಲ್ಲಿ ಅವು ಏಳುತ್ತವೆ, ತಗ್ಗಿದ್ದಲ್ಲಿ ಇಳಿಯುತ್ತವೆ, ಮಂಜು ಸಿಕ್ಕಲ್ಲಿ ತಣ್ಣಗಾಗುತ್ತವೆ. ಅದಕ್ಕೆ ಸ್ಪರ್ಶಮಣೆ ಎಂದು ಹೆಸರು. ಗಾಡಿಯನ್ನು ನಡೆಸುವ ಹಿಡಿಕೆಗಳೂ ಅದರ ಅಂಚಿನಲ್ಲೇ ಇದ್ದವು.

ಮಣೆಯೇನೋ ಸಿದ್ಧವಾಯಿತು, ಓದುವ ಬೆರಳು ಬೇಕಲ್ಲ. ಕಣ್ಣಿದ್ದ ಚಾಲಕರಿಗೆ ಎಷ್ಟು ಕಲಿಸಿದರೂ ಕೈ ಮಣೆಯ ಮೇಲೆ, ಕಣ್ಣು ಪರದೆಯ ಅಂಕಿಗಳ ಮೇಲೆ. ಅಂಕಿ ನೋಡಿ, ಚರ್ಚೆ ಮಾಡಿ, ಒಂದು ಗೇಣು ಮುಂದೆ ಹೋಗುವಷ್ಟರಲ್ಲಿ ಅವರ ಪಾಳಿ ಮುಗಿಯುತ್ತಿತ್ತು. ಆಗ ಯಾರಿಗೋ ಹೊಳೆಯಿತು, ಬ್ರೈಲ್ ಓದುವ ಮಕ್ಕಳನ್ನು ಕರೆದರೆ ಹೇಗೆ? ಹಾಗೆ ಬಂದವಳು ಕಸ್ತೂರಿ. ಆರು ತಿಂಗಳ ಪರೀಕ್ಷಾರ್ಥ ನೇಮಕ. ಗೆದ್ದರೆ ಕೆಲಸ ಕಾಯಂ, ಅವಳ ಬೆನ್ನಿಗೆ ಅದೇ ಶಾಲೆಯ ಇನ್ನಷ್ಟು ಮಂದಿಗೆ ಬಾಗಿಲು ತೆರೆಯುತ್ತದೆ. ಸೋತರೆ ಎಲ್ಲ ಇದ್ದಲ್ಲಿಗೇ.

ಇದ್ದಲ್ಲಿಗೆ ಎಂದರೆ ಏನೆಂದು ಕಸ್ತೂರಿಗೆ ಚೆನ್ನಾಗಿ ಗೊತ್ತಿತ್ತು. ಶಾಲೆಯಲ್ಲಿ ಇರುವ ತನಕ ಎಲ್ಲ ಚಂದ. ಅವಳಿಗಿಂತ ಮೊದಲು ಓದು ಮುಗಿಸಿ ಹೊರಬಿದ್ದವರು ಮನೆಯಲ್ಲಿ ಕೂತಿದ್ದರು. ಒಬ್ಬಳಿಗೆ ಕಂಪನಿಯೊಂದು ಕೆಲಸ ಕೊಟ್ಟಿತ್ತು, ಬಂದು ಕುರ್ಚಿಯಲ್ಲಿ ಕೂತರೆ ಸಾಕು, ಏನೂ ಮಾಡಬೇಕಿಲ್ಲ ಎಂದಿತ್ತು. ಅವಳು ತಿಂಗಳಾನುಗಟ್ಟಲೆ ಕೂತು ಕೂತು ಬೇಸತ್ತು, ಒಂದು ದಿನ ಫೋನಿನಲ್ಲಿ ಅತ್ತಿದ್ದಳು. ಆ ಅಳು ಕಸ್ತೂರಿಯ ಕಿವಿಯಲ್ಲಿ ಇನ್ನೂ ಉಳಿದಿತ್ತು.

"ನಂದು ಹಂಗಲ್ಲವ್ವ," ಎಂದಳು ಕಸ್ತೂರಿ ಒಂದು ಸಂಜೆ ಮನೆಗೆ ಬಂದು. "ನಾ ಖರೇನ ನಡಸಾಕತ್ತೀನಿ."

ಮನೆಯೆಂದರೆ ಕೇಂದ್ರದ ಗೇಟಿನ ಹತ್ತಿರ ಬಾಡಿಗೆಗೆ ಹಿಡಿದ ಎರಡು ಕೋಣೆ. ಮಗಳ ಜೊತೆಗೆಂದು ಬಂದಿದ್ದ ಗಿರಿಜವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಬೆಟಗೇರಿಯಲ್ಲಿ ಖಾನಾವಳಿಗಳಿಗೆ ರೊಟ್ಟಿ ಮಾಡಿಕೊಟ್ಟು ಮಕ್ಕಳನ್ನು ಸಾಕಿದವಳು. ಇಲ್ಲಿಗೆ ಬಂದು ವಾರವಾಗುವುದರೊಳಗೆ ಕೇಂದ್ರದ ಅರ್ಧ ಮಂದಿ ಅವಳ ಗಿರಾಕಿಗಳಾಗಿದ್ದರು.

"ಚಂದ್ರಾಮನ ಮ್ಯಾಲ ಗಾಡಿ ಹೊಡಿಯಾಕತ್ತಾಳ ನನ್ನ ಮಗಳು ಅಂದ್ರ ಆ ಹಾಲಿನಾಕಿ ನಂಬವಲ್ಲಳು," ಎಂದಳು ಗಿರಿಜವ್ವ. "ಲೈಸನ್ಸ ಕೊಟ್ಟಾರೇನು ಅಂತ ಕೇಳಿದ್ಲು."

"ಏನಂದಿ?"

"ಅಲ್ಲೆ ಪೊಲೀಸರಿಲ್ಲ, ಲೈಸನ್ಸ ಯಾಕ ಬೇಕು ಅಂದೆ."

ತಾಯಿ ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಕಸ್ತೂರಿ ಅಂದು ಮೂರು ರೊಟ್ಟಿ ಹೆಚ್ಚು ತಿಂದಳು.

ಹೀಗೆ ವಾರಗಳು ಉರುಳಿದವು. ಕಸ್ತೂರಿಯ ಕೆಲಸ ಇಷ್ಟು: ಜಿರಲೆಯನ್ನು ಕಲ್ಲಿನ ತನಕ ಒಯ್ಯಬೇಕು, ಅದರ ಪುಟ್ಟ ಕೈಯಿಂದ ಕಲ್ಲು ಎತ್ತಿ ಬದಿಗಿಡಬೇಕು, ಅಡಿಯಲ್ಲಿ ಮೀಸೆ ಆಡಿಸಿ ಮಂಜು ಇದೆಯೇ ನೋಡಬೇಕು, ಮುಂದಿನ ಕಲ್ಲಿಗೆ ಹೋಗಬೇಕು. ಮೂಲೆಯ ಕೋಣೆಯಲ್ಲಿ ಅವಳೊಬ್ಬಳಿಗೇ ಮಣೆ ಹಾಕಿಕೊಟ್ಟಿದ್ದರು. ಆಗಾಗ ಅತಿಥಿಗಳು ಬರುತ್ತಿದ್ದರು. "ನೋಡಿ, ಕಣ್ಣಿಲ್ಲದಿದ್ದರೂ!" ಎಂದು ಉದ್ಗರಿಸುತ್ತಿದ್ದರು, ಫೋಟೊ ತೆಗೆಯುತ್ತಿದ್ದರು. ನಾಗಭೂಷಣರು ಎಲ್ಲದಕ್ಕೂ ಸೂಪರ್ ಎನ್ನುತ್ತಿದ್ದರು. ಜಿರಲೆಯನ್ನು ಎಡಕ್ಕೆ ತಿರುಗಿಸಿದರೂ ಸೂಪರ್, ಬಲಕ್ಕೆ ತಿರುಗಿಸಿದರೂ ಸೂಪರ್. ಒಮ್ಮೆ ಅವಳು ಸೀನಿ ಗಾಡಿ ಗಕ್ಕನೆ ನಿಂತಾಗಲೂ ಸೂಪರ್ ಎಂದರು. ಮನುಷ್ಯ ಒಳ್ಳೆಯವರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಳ್ಳೆಯತನ ಅತಿಯಾದರೆ ಎದುರಿಗಿರುವವರಿಗೆ ಉಸಿರು ಕಟ್ಟುತ್ತದೆ ಎಂಬುದು ಅವರಿಗೆ ತಿಳಿದಿರಲಿಲ್ಲ.

ಒಂದು ದಿನ ಕಸ್ತೂರಿ ಕಲ್ಲೊಂದನ್ನು ಎತ್ತಿ, ಅಡಿ ತಡವಿ, ಏನೂ ಸಿಗದೆ, ಆ ಕಲ್ಲನ್ನು ಮತ್ತೆ ಅದರ ಜಾಗದಲ್ಲೇ ಇಟ್ಟಳು. ಯಾಕೆ ಇಟ್ಟೆ ಎಂದರೆ ಅವಳಿಗೂ ಗೊತ್ತಿಲ್ಲ. ಕೈ ತಾನೇ ಇಟ್ಟಿತು. ಅಂಧರ ಹಾಸ್ಟೆಲಿನಲ್ಲಿ ಬೆಳೆದ ಯಾರನ್ನು ಬೇಕಾದರೂ ಕೇಳಿ, ಅಲ್ಲಿ ಬೇರೆ ಯಾವ ನಿಯಮ ಮುರಿದರೂ ಕ್ಷಮೆಯುಂಟು, ತೆಗೆದ ವಸ್ತುವನ್ನು ತೆಗೆದಲ್ಲಿ ಇಡದಿದ್ದರೆ ಇಲ್ಲ. ಬಕೆಟ್ಟು, ಚಪ್ಪಲಿ, ಕುರ್ಚಿ, ಯಾವುದಾದರೂ ಸರಿ. ಒಮ್ಮೆ ಯಾರೋ ಪಡಸಾಲೆಯಲ್ಲಿ ಬಿಟ್ಟ ಬಕೆಟ್ಟಿಗೆ ಎಡವಿ ಒಬ್ಬಳ ಮುಂದಿನ ಹಲ್ಲು ಮುರಿದಿತ್ತು. ಬಕೆಟ್ಟು ಬಿಟ್ಟವಳ ಜೊತೆ ಹಾಸ್ಟೆಲಿಗೆ ಹಾಸ್ಟೆಲೇ ಮಾತು ಬಿಟ್ಟಿತ್ತು. ಹಿಂದೆ ಬರುವವರು ಎಡವಬಾರದು, ಅಷ್ಟೇ. ಚಂದ್ರನ ಮೇಲೆ ಹಿಂದೆ ಬರುವವರು ಯಾರೂ ಇಲ್ಲ ಎಂಬುದು ಕೈಗೆ ಹೊಳೆಯಲಿಲ್ಲ.

"ಎಂಥ ಶಿಸ್ತು ಕಣಮ್ಮ! ಸೂಪರ್!" ಎಂದರು ನಾಗಭೂಷಣರು.

ಇಡುವಾಗ ಕಲ್ಲು ತುಸು ಓರೆಯಾಗಿ ಕೂತಿತ್ತು. ಮರುದಿನ ಸರಿಪಡಿಸೋಣವೆಂದು ಕಸ್ತೂರಿ ಮೀಸೆಯಾಡಿಸಿದರೆ ಕಲ್ಲು ನೆಟ್ಟಗಿತ್ತು. ಅವಳು ಎತ್ತುವುದಕ್ಕೆ ಮೊದಲು ಹೇಗಿತ್ತೋ ಹಾಗೆ, ಒಂದು ಎಳ್ಳಿನಷ್ಟೂ ಆಚೀಚೆಯಿಲ್ಲದೆ. ಅವಳ ಬೆರಳು ಮಣೆಯ ಮೇಲೆ ನಿಂತುಬಿಟ್ಟಿತು.

"ಅವ್ವಾ," ಎಂದಳು ಅಂದು ಸಂಜೆ, "ಚಂದ್ರಾಮನ ಮ್ಯಾಲ ಕಲ್ಲು ತಾನ ಸರಿತೈತೇನು?"

"ಗಾಳಿಗೆ ಸರದಿರಬೇಕ ತಗೊ."

"ಅಲ್ಲೆ ಗಾಳಿ ಇಲ್ಲವ್ವ."

"ನಾಯಿ ಗೀಯಿ?"

"ನಾಯಿನೂ ಇಲ್ಲ."

ಗಿರಿಜವ್ವ ರೊಟ್ಟಿ ಮಗುಚುವುದನ್ನು ನಿಲ್ಲಿಸಿದಳು. "ಹಂಗಾರ ಯಾರೋ ಮನಷ್ಯಾರ ಸರಿಸ್ಯಾರ," ಎಂದಳು. ಅವಳು ಸುಮ್ಮನೆ ಆಡಿದ ಮಾತು. ಕಸ್ತೂರಿಗೆ ಮಾತ್ರ ಅದು ಊಟ ಮುಗಿಯುವ ತನಕವೂ ತಲೆಯಲ್ಲಿ ಕೊರೆಯುತ್ತಿತ್ತು.

ಮರುದಿನ ಅವಳು ಬೇಕೆಂದೇ ಒಂದು ಕೆಲಸ ಮಾಡಿದಳು. ಮೂರು ಕಲ್ಲುಗಳನ್ನು ಎತ್ತಿ ತಂದು, ಮೂರು ದಿಕ್ಕಿಗೆ ಇಟ್ಟು, ಬಯಲಿನಲ್ಲಿ ಅಡುಗೆಗೆ ಒಲೆ ಹೂಡುತ್ತಾರಲ್ಲ, ಹಾಗೆ ಒಂದು ಒಲೆ ಹೂಡಿದಳು. ಆ ಕೆಲಸಕ್ಕೆ ಅರ್ಧ ಪಾಳಿ ಹಿಡಿಯಿತು. ನಾಗಭೂಷಣರು ಅದೇನೆಂದು ಕೇಳಲೂ ಇಲ್ಲ. "ತುಂಬಾ ಕ್ರಿಯೇಟಿವ್ ಕಣಮ್ಮ" ಎಂದರು. ಬ್ಯಾಟರಿ ಎಷ್ಟು ಸುಟ್ಟಿತು ಎಂದು ಕೇಳಲಿಲ್ಲ. ಅಷ್ಟು ದೂರದ ಗಾಡಿ, ಗುಟುಕು ಗುಟುಕಾಗಿ ಬಳಸಬೇಕಾದ ಬ್ಯಾಟರಿ, ಅದನ್ನು ಆಟಕ್ಕೆ ಸುರಿದರೂ ಒಂದು ಗದರಿಕೆ ಇಲ್ಲ. ಕಸ್ತೂರಿಯ ಸಂಶಯ ಗಟ್ಟಿಯಾಯಿತು.

ಮಾರನೆಯ ಬೆಳಿಗ್ಗೆ ಮಣೆಗೆ ಕೈಯಿಟ್ಟಳು. ಒಲೆ ಇರಲಿಲ್ಲ. ಮೂರೂ ಕಲ್ಲು ಮರಳಿ ಮೂಲ ಜಾಗಗಳಲ್ಲಿ ಸಭ್ಯವಾಗಿ ಕೂತಿದ್ದವು.

ಕಸ್ತೂರಿ ಎದ್ದಳು. ಬಿಳಿ ಕೋಲು ತೆಗೆದುಕೊಂಡಳು. ನಾಗಭೂಷಣರು "ಎಲ್ಲಿಗಮ್ಮ?" ಎನ್ನುತ್ತ ಹಿಂದೆಯೇ ಬಂದರೂ ನಿಲ್ಲದೆ, ಪಡಸಾಲೆಯ ಆ ತುದಿಗೆ ನಡೆದು, ಕೇಂದ್ರದ ಮುಖ್ಯಸ್ಥೆ ಡಾಕ್ಟರ್ ಫಿಲೋಮಿನಾ ಲೋಬೊ ಅವರ ಬಾಗಿಲು ತಟ್ಟಿದಳು. ಲೋಬೊ ಮಂಗಳೂರಿನವರು. ಅವರ ಸಿಟ್ಟಿಗೆ ಕೇಂದ್ರದಲ್ಲಿ ಹೆದರದವರಿಲ್ಲ. ಕಸ್ತೂರಿಯ ಜೊತೆ ಇಲ್ಲಿಯ ತನಕ ಅವರು ಒಂದೆರಡು ಮಾತಷ್ಟೇ ಆಡಿದ್ದರು.

"ಮೇಡಂ, ಚಂದ್ರಾಮನ ಮ್ಯಾಲ ನಾ ಹೂಡಿದ ಒಲಿ ಯಾರು ಕೆಡವ್ಯಾರ್ರೀ?"

"ಎಂತ ಒಲೆ?"

ಹಾಸ್ಟೆಲಿನ ರೂಢಿಯಿಂದ ಕಲ್ಲನ್ನು ಮರಳಿ ಇಟ್ಟದ್ದರಿಂದ ಹಿಡಿದು ಕಸ್ತೂರಿ ಎಲ್ಲ ಹೇಳಿದಳು. "ನಾ ಮುಟ್ಟಿದ್ದು ಚಂದ್ರಾಮನ ನೆಲ ಅಲ್ಲ ಹೌದಲ್ರೀ? ಎಲ್ಲಾ ಕಂಪ್ಯೂಟರಿನ ಆಟ. ದಿನಾ ಮುಂಜಾನೆ ಕಲ್ಲೆಲ್ಲಾ ಮತ್ತ ಇದ್ದಲ್ಲೆ ಬಂದು ಕುಂಡ್ರತಾವ."

ಲೋಬೊ ಅವರ ಕುರ್ಚಿ ಕಿರುಗುಟ್ಟಿತು. "ಅದು ಅಭ್ಯಾಸದ ಮಣೆ ಅಂತ ನಿನಗೆ ಗೊತ್ತಿಲ್ಲವಾ? ನಾಗಭೂಷಣ್, ನೀವು ಅವಳಿಗೆ ಹೇಳಲಿಲ್ಲವಾ?"

ನಾಗಭೂಷಣರು ಕಾರಣ ಹೇಳತೊಡಗಿದರು. ಮೊದಲ ದಿನವೇ ಹೇಳಬೇಕೆಂದಿದ್ದರಂತೆ. ಅಂದು ಅತಿಥಿಗಳು ಬಂದಿದ್ದರು, ಇದು ನಿಜವಾದ ಗಾಡಿಯೇ ಎಂದು ಯಾರೋ ಕೇಳಿದರು, ಬಾಯಿ ತಪ್ಪಿ ಹೌದೆಂದುಬಿಟ್ಟರು. ಆ ಹುಡುಗಿಯ ಮುಖದ ಮೇಲಿನ ಸಂತೋಷ ನೋಡಿದ ಮೇಲೆ ನಾಲಿಗೆ ಏಳಲೇ ಇಲ್ಲ. "ಬೇಜಾರಾಗುತ್ತೆ ಅಂತ ಮೇಡಂ. ಪಾಪ..."

"ಪಾಪ ಅನ್ನಬ್ಯಾಡ್ರಿ!" ಎಂದಳು ಕಸ್ತೂರಿ. ಅಷ್ಟು ಜೋರಾಗಿ ಹಿರಿಯರ ಮುಂದೆ ಅವಳು ಎಂದೂ ಮಾತಾಡಿದವಳಲ್ಲ. "ನಮ್ಮವ್ವ ಊರ ತುಂಬ ಹೇಳ್ಯಾಳ. ನಮ್ಮ ಸಾಲ್ಯಾಗ ಮಕ್ಕಳು ಚಪ್ಪಾಳಿ ತಟ್ಟ್ಯಾರ. ಆಟದ ಸಾಮಾನು ಕೊಟ್ಟು ಕುಂಡ್ರಿಸೀರಿ ನನ್ನ. ಕೆಲಸ ಕೊಡ್ರಿ, ಇಲ್ಲಂದ್ರ ಇಲ್ಲ ಅನ್ರಿ. ಎರಡರಾಗ ಒಂದು ಹೇಳ್ರಿ."

ಕಣ್ಣೀರು ಕೆನ್ನೆಯ ಮೇಲೆ ಇಳಿಯುತ್ತಿತ್ತು. ಅವಳು ಒರೆಸಿಕೊಳ್ಳಲಿಲ್ಲ.

ಲೋಬೊ ಬಹಳ ನಿಧಾನವಾಗಿ ಮಾತಾಡಿದರು. "ತಿಂಗಳಿಂದ ನಾನು ಇವರ ಹತ್ತಿರ ಕೇಳ್ತಾ ಇದ್ದೇನೆ, ಹುಡುಗಿ ಎಲ್ಲಿ ತಪ್ಪು ಮಾಡ್ತಾಳೆ ಅಂತ. ತಪ್ಪೇ ಇಲ್ಲ, ಎಲ್ಲ ಸೂಪರ್ ಅಂತ ಉತ್ತರ. ತಪ್ಪೇ ಮಾಡದ ಚಾಲಕಿಯನ್ನು ನಾನು ಹೇಗೆ ನಂಬುದು? ಅದಕ್ಕೇ ನಿಜವಾದ ಮಣೆ ಕೊಡಲಿಲ್ಲ." ಆಮೇಲೆ ಹೇಳಿದರು: "ಕಲ್ಲು ಎಳ್ಳಿನಷ್ಟು ಸರಿದದ್ದು ಸಹ ನಿನ್ನ ಬೆರಳಿಗೆ ಗೊತ್ತಾಯ್ತಲ್ಲ, ಅದು ನನಗೆ ಸಾಕು. ನಾಳೆ ಹತ್ತು ಗಂಟೆಗೆ ಜಿರಲೆ ಕುಳಿಗೆ ಇಳಿಯುತ್ತದೆ. ನೀನು ಇಳಿಸು. ಆದರೆ ಕೇಳು. ಕುಳಿಯ ಅಂಚಿನಲ್ಲಿ ಬಿಸಿಲು ಉಂಟು, ಒಳಗೆ ಇಲ್ಲ. ಬ್ಯಾಟರಿ ಮುಗಿಯುದರ ಒಳಗೆ ಮೇಲೆ ಬರದಿದ್ದರೆ ಅದು ಅಲ್ಲಿಯೇ ಹೆಪ್ಪುಗಟ್ಟಿ ಸಾಯ್ತದೆ. ಇರುದು ಒಂದೇ ಗಾಡಿ."

ಕಸ್ತೂರಿ ತಲೆಯಾಡಿಸಿದಳು.

ಮನೆಗೆ ಬಂದು ತಾಯಿಗೆ ನಡೆದದ್ದನ್ನೆಲ್ಲ ಹೇಳಿದಳು. ಗಿರಿಜವ್ವನಿಗೆ ಮೊದಲು ಅರ್ಥವಾಗಲಿಲ್ಲ, ಅರ್ಥವಾದಾಗ ಮುಖ ಸಣ್ಣದಾಯಿತು. ಹಾಲಿನವಳಿಗೆ ಏನು ಹೇಳುವುದೆಂದು ಅವಳಿಗೆ ಚಿಂತೆಯಾಗಿರಬೇಕು. ಆದರೆ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಮಗಳ ತಲೆಗೆ ಎಣ್ಣೆ ಹಚ್ಚುತ್ತ ಕೂತಳು. "ನಾಳೆ ಖರೇದು ಐತಲ್ಲ, ಅದನ್ನ ನೋಡು," ಎಂದಳು.

ಮರುದಿನ ದೊಡ್ಡ ನಿಯಂತ್ರಣ ಕೊಠಡಿಯ ಬಾಗಿಲು ದಾಟಿದ ಕೂಡಲೇ ಕಸ್ತೂರಿಗೆ ವ್ಯತ್ಯಾಸ ತಿಳಿಯಿತು. ಇಲ್ಲಿ ಚಪ್ಪಾಳೆ ಇರಲಿಲ್ಲ, ಎಲ್ಲರೂ ಅವರವರ ಕೆಲಸದಲ್ಲಿದ್ದರು. "ಬ್ಯಾಟರಿ ತುಂಬಿದೆ." "ಉಪಗ್ರಹ ಸಿಕ್ಕಿತು." ಯಾರೋ ಅವಳ ಕೋಲಿಗೆ ಎಡವಿ, "ಸ್ವಲ್ಪ ಒಳಗೆ ಎಳ್ಕೊಳ್ಳಮ್ಮ, ಓಡಾಡೋ ಜಾಗ" ಎಂದು ರೇಗಿ ಹೋದರು. ಅವಳಿಗೆ ಯಾಕೋ ಖುಷಿಯಾಯಿತು.

ಮಣೆಗೆ ಕೈಯಿಟ್ಟಳು.

ದೇವರೇ! ಅಭ್ಯಾಸದ ಮಣೆ ಎಷ್ಟು ಸಭ್ಯವಾಗಿತ್ತೋ ಇದು ಅಷ್ಟೇ ಒರಟು. ಅಲ್ಲಿ ಪ್ರತಿ ಕಲ್ಲೂ ತಾನು ಕಲ್ಲೆಂದು ನಯವಾಗಿ ತಿಳಿಸುತ್ತಿತ್ತು. ಇಲ್ಲಿ ಗುಂಡಿಗಳು ಗಡಗಡ ನಡುಗಿದವು, ಕೆಲವು ಇದ್ದಕ್ಕಿದ್ದಂತೆ ಸತ್ತು ಮತ್ತೆ ಎದ್ದವು. ಸಂಕೇತ ಒಮ್ಮೆ ಮೂರು ಸೆಕೆಂಡಿಗೆ ಬಂದರೆ ಒಮ್ಮೆ ಐದಕ್ಕೆ ಬಂತು. ಮೇಲೆ ಹಿಟ್ಟಿನಂಥ ದೂಳು, ಅಡಿಯಲ್ಲಿ ಗಾಜಿನ ಚೂರುಗಳಂಥ ಹರಳು. ಮೀಸೆ ದೂಳಿನೊಳಗೆ ಮುಳುಗಿದಾಗ ಬೆರಳಿನ ತುದಿಗೆ ನೆಲವೇ ಸಿಗಲಿಲ್ಲ. ಮೈಯ ಕೂದಲೆಲ್ಲ ನಿಮಿರಿ ನಿಂತವು. ಇದು ಯಾರೂ ಮಾಡಿಟ್ಟದ್ದಲ್ಲ, ಇದು ಇದ್ದದ್ದು!

"ಇಳಿತೀನ್ರೀ," ಎಂದಳು.

ಎಡಗಡೆ ಬಂಡೆಗೋಡೆ, ಬಲಗಡೆ ಏನೂ ಇಲ್ಲದ ಇಳಿಜಾರು. ಗೋಡೆಗೆ ಮೀಸೆ ತಾಗಿಸಿಕೊಂಡು ಕಸ್ತೂರಿ ಜಿರಲೆಯನ್ನು ಇಳಿಸಿದಳು. ತುಸು ಸರಿಸುವುದು, ಉತ್ತರ ಬರುವ ತನಕ ಉಸಿರು ಬಿಗಿಹಿಡಿಯುವುದು, ಮತ್ತೆ ತುಸು ಸರಿಸುವುದು. ಬರಬರುತ್ತ ಕೈಗೆ ಲಯ ಸಿಕ್ಕಿತು. ಹಿಂದೆ ನಿಂತಿದ್ದ ಹಳೆಯ ಚಾಲಕನೊಬ್ಬ, "ಅಭ್ಯಾಸದ ಮಣೆಯಲ್ಲೇ ಇಷ್ಟು ಇಳಿಯೋಕೆ ನಮಗೆ ನಾಲ್ಕು ದಿನ ಹಿಡಿದಿತ್ತು" ಎಂದು ಪಕ್ಕದವನ ಕಿವಿಯಲ್ಲಿ ಹೇಳಿದ. ಲೋಬೊ ಅವನನ್ನು ಗದರಿಸಿ ಸುಮ್ಮನಾಗಿಸಿದರು.

ಕುಳಿಯ ತಳದಲ್ಲಿ ಚಪ್ಪಟೆಯಾದ ಒಂದು ಕಲ್ಲು ಸಿಕ್ಕಿತು. ಕಸ್ತೂರಿ ಜಿರಲೆಯ ಕೈಯನ್ನು ಅದರ ಅಡಿಗೆ ತೂರಿಸಿದಳು, ಎತ್ತಿ ಬದಿಗಿಟ್ಟಳು, ಅದಿದ್ದ ತಗ್ಗಿನೊಳಗೆ ಎಡ ಮೀಸೆಯನ್ನು ಚಾಚಿದಳು.

ಬೆರಳುಗಳು ತಣ್ಣಗಾದವು.

ಮೊದಲು ಒಂದು ಬೆರಳು, ಆಮೇಲೆ ಮೂರು, ಆಮೇಲೆ ಎಡಗೈ ಪೂರ್ತಿ. ಮೀಸೆ ಒತ್ತಿದಾಗ ಆ ತಣ್ಣನೆಯ ಪದರ ಹಪ್ಪಳದಂತೆ ಚುರುಚುರು ಮುರಿಯಿತು. "ಐತ್ರೀ!" ಎಂದು ಕೂಗಿದಳು ಕಸ್ತೂರಿ. "ಮಂಜು ಐತ್ರೀ ಮೇಡಂ! ಇಲ್ಲೆ, ನನ್ನ ಕೈಯಾಗ!"

ಕೊಠಡಿಯಲ್ಲಿ ಕೋಲಾಹಲವಾಯಿತು. ಯಾರೋ ಮೇಜು ಗುದ್ದಿದರು, ಯಾರೋ ಯಾರನ್ನೋ ಅಪ್ಪಿಕೊಂಡರು. "ಮಾದರಿ ತೆಗಿ, ಮಾದರಿ!" ಎಂದರು ಲೋಬೊ. ಕಸ್ತೂರಿ ಒಂದು ಚಿಟಿಕೆ ಮಂಜನ್ನು ಜಿರಲೆಯ ಹೊಟ್ಟೆಯ ಡಬ್ಬಿಗೆ ಹಾಕಿ ಮುಚ್ಚಳ ಬಿಗಿದಳು. ಭೂಮಿಯ ಮೇಲೆ ಮನುಷ್ಯ ಹುಟ್ಟುವುದಕ್ಕೂ ಮೊದಲಿನ ಮಂಜು. ಅವಳಿಗೆ ನಗು, ಅಳು ಎರಡೂ ಒಟ್ಟಿಗೆ ಬಂದವು.

ಆ ಸಂಭ್ರಮದಲ್ಲೇ ಅವಳ ಕೈ ಎತ್ತಿದ ಕಲ್ಲನ್ನು ಅದರ ಜಾಗಕ್ಕೆ ಮರಳಿ ಇಟ್ಟುಬಿಟ್ಟಿತು.

ಮೂರು ಸೆಕೆಂಡು. ಆಮೇಲೆ ಮಣೆಯ ಎಡಭಾಗದ ಒಂದು ಇಡೀ ಪಟ್ಟಿ ಒಮ್ಮೆ ಜೋರಾಗಿ ಅದುರಿ ಸತ್ತುಹೋಯಿತು. ಕಸ್ತೂರಿ ಬೆರಳೊತ್ತಿದಳು, ಏನೂ ಇಲ್ಲ. ಎಡ ಮೀಸೆ ಇನ್ನೂ ಕಲ್ಲಿನ ಅಡಿಯಲ್ಲೇ ಇತ್ತು. ಕಲ್ಲು ಅದರ ಮೇಲೇ ಕೂತಿತ್ತು.

ಗದ್ದಲ ನಿಂತಿತು. ಕಸ್ತೂರಿ ಮಣೆಯಿಂದ ಕೈ ತೆಗೆದಳು. ಮುಗಿಯಿತು, ಎಲ್ಲ ಮುಗಿಯಿತು ಎಂದುಕೊಂಡಳು.

"ಪರವಾಗಿಲ್ಲ ಕಣಮ್ಮ," ಎಂದರು ಪಕ್ಕದಲ್ಲಿದ್ದ ನಾಗಭೂಷಣರು ಮೆಲ್ಲಗೆ. "ಮಂಜು ಸಿಕ್ತಲ್ಲ, ಅಷ್ಟು ಸಾಕು. ನೀನು ಹೋಗಿ ವಿಶ್ರಾಂತಿ ತಗೋ, ಮಿಕ್ಕಿದ್ದು ನಾವು ನೋಡ್ಕೋತೀವಿ."

ಅವಳು ಎದ್ದು ಕೋಲು ತಡಕಾಡಿದಳು.

"ಎಂತ ಪರವಾಗಿಲ್ಲ?" ಲೋಬೊ ಅವರ ಕೂಗಿಗೆ ಇಡೀ ಕೊಠಡಿ ಬೆಚ್ಚಿತು. "ಎಂತದು ಪರವಾಗಿಲ್ಲ? ಮೀಸೆ ಒಳಗೆ ಇರುವಾಗ ಕಲ್ಲು ಯಾಕೆ ಇಳಿಸಿದೆ ಮಾರಾಯ್ತಿ? ಅದನ್ನು ವಾಪಸ್ ಇಡ್ಲಿಕ್ಕೆ ಯಾರು ಹೇಳಿದ್ದು ನಿನಗೆ? ಇದೆಂತ ನಿನ್ನ ಹಾಸ್ಟೆಲಾ? ಆ ಮೀಸೆ ಮಾಡ್ಲಿಕ್ಕೆ ನಮಗೆ ಎಷ್ಟು ವರ್ಷ ಬೇಕಾಯ್ತು ಗೊತ್ತುಂಟಾ? ತಲೆ ಎಲ್ಲಿ ಇಟ್ಟಿದ್ದೆ ನೀನು?"

ಕಸ್ತೂರಿಯ ಕೋಲು ಕೈಗೆ ಸಿಕ್ಕಿತು. ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟಳು.

"ಎಲ್ಲಿಗೆ ಹೋಗುದು?"

"ನಾ... ಮನಿಗ್ರೀ..."

"ಮನೆಗಾ! ಗಾಡಿ ಕುಳಿಯಲ್ಲಿ ಉಂಟು, ಇವಳು ಮನೆಗೆ ಹೋಗ್ತಾಳಂತೆ! ಅದನ್ನು ಮೇಲೆ ತರುದು ಯಾರು, ನಿನ್ನ ಅಜ್ಜನಾ? ಇವರು ತರುವಷ್ಟರಲ್ಲಿ ಬ್ಯಾಟರಿ ಸತ್ತಿರ್ತದೆ. ಇಳಿದ ದಾರಿ ನಿನ್ನ ಬೆರಳಲ್ಲಿ ಉಂಟು. ಕೂತುಕೊ. ಮುರಿದವಳು ನೀನು, ತರುವವಳೂ ನೀನೇ."

ಕಸ್ತೂರಿ ಕೂತಳು. ಸೆರಗಿಗೆ ಬೆವರು ಒರೆಸಿಕೊಂಡು ಮಣೆಗೆ ಕೈಯಿಟ್ಟಳು.

ಮುರಿದ ತುಂಡನ್ನು ಕಲ್ಲಿನ ಅಡಿ ಬಿಟ್ಟು ಜಿರಲೆ ಹಿಂದೆ ಸರಿಯಿತು, ತಿರುಗಿತು. ಈಗ ಗೋಡೆ ಬಲಕ್ಕೆ ಬಂತು, ಪ್ರಪಾತ ಎಡಕ್ಕೆ. ಎಡಕ್ಕೆ ಮೀಸೆಯಿಲ್ಲ. ಅಲ್ಲಿ ನೆಲವಿದೆಯೋ ಇಲ್ಲವೋ ತಿಳಿಯುವ ದಾರಿಯೇ ಇಲ್ಲ. ಕಸ್ತೂರಿ ಆ ಕಡೆಯ ಯೋಚನೆಯನ್ನೇ ಬಿಟ್ಟಳು. ಬಲಗಡೆಯ ಗೋಡೆಯನ್ನು ಗಟ್ಟಿಯಾಗಿ ಹಿಡಿದಳು. ಗೋಡೆ ಒಳಗೆ ಸರಿದರೆ ತಾನೂ ಸರಿದಳು, ಹೊರಗೆ ಉಬ್ಬಿದರೆ ನಿಂತಳು. "ಬ್ಯಾಟರಿ ಕಾಲು ಭಾಗ," ಎಂದರು ಯಾರೋ. ಒಂದು ಕಡೆ ಹಿಂದಿನ ಚಕ್ರ ಜಾರಿ ಗಾಡಿ ವಾಲಿತು. ಕಸ್ತೂರಿ ಮೂರು ಸೆಕೆಂಡು ಕಾಯಲಿಲ್ಲ, ಕಾದಿದ್ದರೆ ಬೀಳುತ್ತಿತ್ತು. ಇಳಿಯುವಾಗ ಅಲ್ಲಿ ಒಂದು ಗಟ್ಟಿ ಹಾಸುಗಲ್ಲು ಬೆರಳಿಗೆ ತಾಗಿದ್ದು ನೆನಪಿತ್ತು. ಅದರ ಮೇಲಕ್ಕೆ ಗಾಡಿಯನ್ನು ನುಗ್ಗಿಸಿದಳು. ಒಂದು, ಎರಡು, ಮೂರು. ಬಲಗೈ ಅಡಿಯ ಗುಂಡಿಗಳು ಗಟ್ಟಿಯಾಗಿ ಎದ್ದು ನಿಂತವು. ಸಿಕ್ಕಿತು!

"ಎಚ್ಚರ ಮಾರಾಯ್ತಿ, ಎಚ್ಚರ," ಎನ್ನುತ್ತಲೇ ಇದ್ದರು ಲೋಬೊ. "ಅವಸರ ಮಾಡಬೇಡ. ಆಂ, ಹಾಗೆ. ಅಷ್ಟು ಹತ್ತಿರ ಬೇಡ ಅಂದೆ. ಕಿವಿ ಕೇಳುದಿಲ್ಲವಾ?"

"ಕೇಳ್ತೈತ್ರಿ! ನೀವು ಸ್ವಲ್ಪ ಸುಮ್ನಿರ್ರಿ!" ಎಂದುಬಿಟ್ಟಳು ಕಸ್ತೂರಿ.

ಲೋಬೊ ಸುಮ್ಮನಾದರು. ಕೊನೆಯ ತನಕ ಸುಮ್ಮನೇ ಇದ್ದರು.

ಕಡೆಗೊಮ್ಮೆ ಮಣೆ ಬೆಚ್ಚಗಾಯಿತು. "ಬಿಸಿಲು!" ಎಂದು ಕೊಠಡಿಗೆ ಕೊಠಡಿಯೇ ಕೂಗಿತು. "ಚಾರ್ಜ್ ಆಗ್ತಿದೆ!" ಕಸ್ತೂರಿಯ ತಲೆ ಮಣೆಯ ಮೇಲೇ ಬಾಗಿತು. ಬೆರಳಿನ ತುದಿಗಳಲ್ಲಿ ಚಂದ್ರನ ಬಿಸಿಲಿತ್ತು.

ಲೋಬೊ ಹತ್ತಿರ ಬಂದು ನಿಂತರು. ಶಭಾಷ್ ಎನ್ನಲಿಲ್ಲ. "ನಾಳೆ ಏಳು ಗಂಟೆಗೆ," ಎಂದರು. "ಒಂದು ಮೀಸೆ ಇಲ್ಲದೆ ಹೇಗೆ ಇಳಿಯುದು ಅಂತ ಯೋಚನೆ ಮಾಡಿಕೊಂಡು ಬಾ. ಮತ್ತೆ ನಿನ್ನ ಶಾಲೆಯವರಿಗೆ ಫೋನ್ ಮಾಡು, ಇನ್ನು ಇಬ್ಬರು ಬೇಕು ನನಗೆ. ನೀನೊಬ್ಬಳೇ ಎಷ್ಟು ಅಂತ ಮುರಿಯುದು?"

ಕಸ್ತೂರಿ ಮನೆ ಮುಟ್ಟಿದಾಗ ಗಿರಿಜವ್ವ ಬಾಗಿಲಲ್ಲೇ ನಿಂತಿದ್ದಳು. ಮಗಳ ಮುಖ ಹಿಡಿದು ಬೆಳಕಿಗೆ ತಿರುಗಿಸಿದಳು. "ಕಣ್ಣು ಕೆಂಪಗ ಆಗ್ಯಾವಲ್ಲ! ಏನಾತವಾ?"

"ಬೈಸಿಕೊಂಡೆವ್ವ," ಎಂದಳು ಕಸ್ತೂರಿ. "ಸಾಮಾನು ಮುರದೆ. ಎಲ್ಲಾರ ಮುಂದ ಮೇಡಂ ಬೈದ್ರು. ಎಂಥಾ ಬೈಗುಳ ಅಂತೀ!"

ಗಿರಿಜವ್ವ ಅಷ್ಟಕ್ಕೇ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಯಾರಕಿ ಆಕಿ? ಕಣ್ಣಿಲ್ಲದ ಹುಡುಗೀನ್ನ ಬೈತಾಳ? ನಡಿ, ನಾ ಒಂದು ಮಾತು ಕೇಳೇ ಬರ್ತೀನಿ!"

ಕಸ್ತೂರಿ ನಗುತ್ತ ನಗುತ್ತ ತಾಯಿಯ ಕೈ ಎರಡನ್ನೂ ಗಟ್ಟಿಯಾಗಿ ಹಿಡಿದುಕೊಂಡಳು. ನಗು ತಡೆಯಲಾಗದೆ ಅವಳ ಮೈಯೆಲ್ಲ ಕುಲುಕುತ್ತಿತ್ತು.

"ಬ್ಯಾಡವ್ವ, ಬ್ಯಾಡ. ಏನೂ ಕೇಳಬ್ಯಾಡ. ನಾಳೆ ಏಳಕ್ಕ ಮತ್ತ ಬಾ ಅಂದಾರ. ನನಗ ಕೆಲಸ ಸಿಕ್ಕೈತಿ."